ಹತ್ತನೆಯ ಎಲೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಆರು ಜನ ಇದ್ದೆವು. ಏಳನೆಯವರೊಬ್ಬರು ಇದ್ದರೋ ಇಲ್ಲವೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಮೊಮ್ಮಕ್ಕಳೇ, ನಿಮ್ಮನ್ನು ಯಾರಾದರೂ ‘ಮನೆಯಲ್ಲಿ ಎಷ್ಟು ಜನ?’ ಎಂದರೆ ನೀವು ಯೋಚಿಸದೆ ಹೇಳಿಬಿಡುತ್ತೀರಿ. ನಾನು ಶಾಲೆಗೆ ಸೇರಿದ ಮೊದಲ ದಿನ ಮೇಷ್ಟರಿಗೆ ‘ಆರು ಸಾ, ಇದ್ದರೆ ಏಳು’ ಎಂದು ಉತ್ತರ ಕೊಟ್ಟು ಕಿವಿ ಹಿಂಡಿಸಿಕೊಂಡೆ. ಉತ್ತರ ಸರಿಯಾಗಿಯೇ ಇತ್ತು. ಮೇಷ್ಟರಿಗೆ ಅಂಥ ಲೆಕ್ಕ ಬರುತ್ತಿರಲಿಲ್ಲ, ಅಷ್ಟೆ.

ಅಜ್ಜಿ, ಅಪ್ಪ, ಅವ್ವ, ದೊಡ್ಡವ್ವ, ದೊಡ್ಡವ್ವನ ಮಗಳಾದ ಅಕ್ಕ, ಕೊನೆಗೆ ನಾನು. ಇದು ಆರು. ಏಳನೆಯವರು ದೊಡ್ಡಪ್ಪ, ಅಪ್ಪನ ಅಣ್ಣ, ದೊಡ್ಡವ್ವನ ಗಂಡ. ಅಕ್ಕ ಇನ್ನೂ ಹೊಟ್ಟೆಯಲ್ಲಿದ್ದಾಗ ಅವರು ಎರಡನೇ ಮಹಾಯುದ್ಧಕ್ಕೆ ಹೋದರು. ನಮ್ಮದು ಕೊಳ್ಳೇಗಾಲದ ನೇಕಾರರ ಕೇರಿ. ರೇಷ್ಮೆ ಸೀರೆ ನೇಯುವ ಮನೆ. ಆ ಕಾಲದಲ್ಲಿ ಸರ್ಕಾರ ರೇಷ್ಮೆಯನ್ನೆಲ್ಲ ಪ್ಯಾರಾಚೂಟು ಮಾಡಲು ಎತ್ತಿಕೊಂಡು ಹೋಗುತ್ತಿತ್ತಂತೆ. ರೇಷ್ಮೆಯೇ ಯುದ್ಧಕ್ಕೆ ಹೋದ ಮೇಲೆ ನೇಯುವವನು ಮನೆಯಲ್ಲಿ ಕೂತು ಯಾರನ್ನು ಕಾಯಬೇಕು ಎಂದು ದೊಡ್ಡಪ್ಪನೂ ಹೋದರು ಎನ್ನುವುದು ಅಪ್ಪನ ವಾದ. ಅಜ್ಜಿಯ ವಾದ ಬೇರೆ. ತನ್ನ ಹಿರಿಮಗನಿಗೆ ಬೂಟು ಹಾಕಿಕೊಂಡು ನಡೆಯುವ ಚಪಲವಿತ್ತು, ಆ ಚಪಲ ತೀರಿಸುವುದಕ್ಕೆ ಇಂಗ್ಲಿಷರು ಅಷ್ಟು ದೊಡ್ಡ ಯುದ್ಧ ಹೂಡಿದರು ಎಂದು ಅವಳು ನಂಬಿದ್ದಳು.

ಹೋದ ಮೇಲೆ ಅವರಿಂದ ಬಂದದ್ದು ಒಂದೇ ಕಾರ್ಡು. ‘ಕ್ಷೇಮ. ಇಲ್ಲಿ ತೆಂಗಿನಮರ ಬಹಳ. ಊರಿನ ಹೆಸರು’ ಎಂದು ಬರೆದು ಮುಂದೆ ಬರೆದಿದ್ದ ಹೆಸರಿನ ಮೇಲೆ ಮಿಲಿಟರಿಯವರು ಕಪ್ಪು ಮಸಿ ಬಳಿದಿದ್ದರು. ಮಸಿಯ ಹಿಂದೆ ಏನಿದೆ ನೋಡಲು ಅಜ್ಜಿ ಕಾರ್ಡನ್ನು ಬಿಸಿಲಿಗೆ ಹಿಡಿದಳು, ದೀಪಕ್ಕೆ ಹಿಡಿದಳು, ಕೊನೆಗೆ ಹರಳೆಣ್ಣೆ ಹಚ್ಚಿದಳು. ಎಣ್ಣೆಗೆ ಮಸಿ ಹೋಗಲಿಲ್ಲ, ‘ಕ್ಷೇಮ’ ಹೋಯಿತು.

ಅದಾದ ಮೇಲೆ ಸೈನ್ಯದವರದೇ ಒಂದು ಕಾಗದ ಬಂತು. ದೊಡ್ಡಪ್ಪ ಕಾಣೆಯಾಗಿದ್ದಾರೆ ಎಂದಿತ್ತು. ಸತ್ತಿದ್ದಾರೆ ಎಂದಿರಲಿಲ್ಲ, ಬದುಕಿದ್ದಾರೆ ಎಂದೂ ಇರಲಿಲ್ಲ. ಯುದ್ಧ ಮುಗಿಯಿತು, ಇಂಗ್ಲಿಷರು ಊರಿಗೆ ಹೋದರು. ಅಲ್ಲಿಯವರೆಗೆ ಮದರಾಸಿಗೆ ಸೇರಿದ್ದ ನಮ್ಮ ಕೊಳ್ಳೇಗಾಲವೇ ಎದ್ದು ಮೈಸೂರು ರಾಜ್ಯಕ್ಕೆ ಬಂತು. ಇಷ್ಟೆಲ್ಲ ಓಡಾಟದಲ್ಲೂ ದೊಡ್ಡಪ್ಪ ಮಾತ್ರ ಇದ್ದಲ್ಲೇ ಇದ್ದರು, ಅಂದರೆ ಕಾಣೆಯಾಗಿಯೇ ಇದ್ದರು.

ನಾನು ಹೇಳಹೊರಟಿರುವುದು ನಮ್ಮ ಊರು ಮೈಸೂರಿಗೆ ಸೇರಿದ ಮರುವರ್ಷದ ಮಹಾಲಯ ಅಮಾವಾಸ್ಯೆಯ ಸಂಗತಿ. ನನಗೆ ಆಗ ಎಂಟು ವರ್ಷ. ಅಕ್ಕನಿಗೆ ಹದಿನಾರು ತುಂಬಿ, ಹನೂರಿನ ಒಂದು ಮನೆಗೆ ಮದುವೆ ಗೊತ್ತಾಗಿತ್ತು. ಹುಡುಗ ಒಪ್ಪಿದ್ದ, ಅಕ್ಕ ತಲೆ ತಗ್ಗಿಸಿದ್ದಳು, ಎಂದರೆ ಅವಳೂ ಒಪ್ಪಿದ್ದಳು. ಉಳಿದದ್ದು ಒಂದೇ ತೊಡಕು. ಲಗ್ನಪತ್ರಿಕೆ ಅಚ್ಚು ಹಾಕಿಸಬೇಕು. ಹೆಣ್ಣಿನ ತಂದೆಯ ಹೆಸರಿನ ಹಿಂದೆ ‘ಶ್ರೀ’ ಎಂದು ಹಾಕಿಸಬೇಕೋ, ‘ದಿವಂಗತ’ ಎಂದು ಹಾಕಿಸಬೇಕೋ?

ನಗಬೇಡಿ. ‘ದಿವಂಗತ’ ಎಂದು ಹಾಕಿಸಿದರೆ, ಮದುವೆಗೆ ಮುಂಚೆ ದೊಡ್ಡವ್ವ ಬಳೆ ಒಡೆದು, ಕುಂಕುಮ ಅಳಿಸಿ, ಒಬ್ಬಳೇ ಮಗಳ ಧಾರೆಯ ಹೊತ್ತಿಗೆ ಕಂಬದ ಹಿಂದೆ ನಿಲ್ಲಬೇಕು. ಆಗಿನ ಪದ್ಧತಿ ಅಷ್ಟು ಕ್ರೂರವಾಗಿತ್ತು. ‘ಶ್ರೀ’ ಎಂದು ಹಾಕಿಸಿದರೆ ಹನೂರಿನ ಹಿರಿಯರು ‘ಬದುಕಿದ್ದರೆ ಧಾರೆಗೆ ಯಾಕೆ ಬರಲಿಲ್ಲ? ಹೆಂಡತಿ ಬಿಟ್ಟು ಓಡಿಹೋದವನ ಮಗಳೇ?’ ಎಂದು ಮದುವೆಯನ್ನೇ ಮುರಿಯಬಹುದು. ಹದಿನಾರು ವರ್ಷ ಯಾರೂ ಮುಟ್ಟದೆ ಬಿಟ್ಟಿದ್ದ ಪ್ರಶ್ನೆಗೆ ಈಗ ಒಂದು ಅಚ್ಚುಮನೆ ಉತ್ತರ ಕೇಳುತ್ತಿತ್ತು.

ಹನೂರಿನವರು ಬಾಯಿಬಿಟ್ಟು ಕೇಳಲಿಲ್ಲ, ಮರ್ಯಾದಸ್ಥರು. ಗಂಡಿನ ತಂದೆ ಅಮಾವಾಸ್ಯೆಯ ದಿನ ಸುಮ್ಮನೆ ಬಂದು ಹೋಗುತ್ತೇನೆ ಎಂದು ಹೇಳಿ ಕಳಿಸಿದರು. ಅವರ ಮನೆಯ ಎಡೆ ಹಿಂದಿನ ಭಾನುವಾರವೇ ಮುಗಿದಿತ್ತು. ಸುಮ್ಮನೆ ಬರುವುದರ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯಿತು. ಮಹಾಲಯದ ದಿನ ತೀರಿಕೊಂಡ ಹಿರಿಯರಿಗೆಲ್ಲ ತಲೆಗೊಂದು ಎಲೆ ಹಾಕಿ ಎಡೆ ಇಡುತ್ತೇವಲ್ಲ, ಆ ಎಲೆಗಳನ್ನು ಎಣಿಸಿದರೆ ಸಾಕು. ನಮ್ಮ ಮನೆಯಲ್ಲಿ ಸತ್ತವರು ಒಂಬತ್ತು. ಒಂಬತ್ತು ಎಲೆ ಇದ್ದರೆ ದೊಡ್ಡಪ್ಪ ಬದುಕಿದ್ದಾರೆ. ಹತ್ತು ಇದ್ದರೆ ಇಲ್ಲ.

ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಬೇರೆ ದಿನಗಳಲ್ಲಿ ನಮ್ಮ ಕೇರಿಯಲ್ಲಿ ಲಟಕ್ ಪಟಕ್ ಎಂಬ ಸದ್ದು ಎಷ್ಟು ತುಂಬಿರುತ್ತಿತ್ತೆಂದರೆ ಅದು ಕೇಳಿಸುತ್ತಲೇ ಇರಲಿಲ್ಲ. ಅದು ನಿಂತ ದಿನವೇ ಕಿವಿ ಗುಂಯ್ ಎನ್ನುತ್ತಿತ್ತು. ಅಂದು ಬೆಳಗಿನಿಂದ ಮನೆಯಲ್ಲಿ ಯಾರ ಕೈಕಾಲೂ ಒಂದು ಕಡೆ ನಿಲ್ಲಲಿಲ್ಲ. ಅಪ್ಪ ಜಗುಲಿಯ ಮೇಲೆ ಕೂತರೆ ಬಲಗಾಲು ತಾನಾಗಿ ನೆಲ ತುಳಿಯುತ್ತಿತ್ತು, ಕೆಳಗೆ ಮಗ್ಗದ ತುಳಿಮಣೆ ಇದೆಯೋ ಎಂಬಂತೆ. ಎದ್ದು ಹಿತ್ತಿಲಿಗೆ ಹೋಗುವರು, ಬಾಳೆಗಿಡ ನೋಡುವರು, ಬರುವರು. ಅವ್ವ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅಕ್ಕ ಅಂಗಳ ಗುಡಿಸಿ ರಂಗೋಲಿ ಇಟ್ಟು, ಅಳಿಸಿ, ಇನ್ನೊಂದು ಇಟ್ಟಳು. ಒಲೆಯ ಮೇಲೆ ಕಜ್ಜಾಯದ ಬೆಲ್ಲದ ಪಾಕ ಕುದಿಯುವ ವಾಸನೆ, ಕುಂಬಳಕಾಯಿ ಹುಳಿಯ ವಾಸನೆ, ಧೂಪದ ವಾಸನೆ ಒಂದರೊಳಗೊಂದು ಸೇರಿ ಹಸಿವೆ ಕೆರಳಿಸುತ್ತಿದ್ದವು. ಹಿರಿಯರು ಉಣ್ಣುವ ಮೊದಲು ಯಾರೂ ಒಂದು ಅಗುಳು ಮುಟ್ಟುವಂತಿಲ್ಲ. ಸತ್ತವರಿಗೆ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ. ಬದುಕಿದ ಎಂಟು ವರ್ಷದವನಿಗೆ ಅದರ ಅರ್ಧ ಇದ್ದಿದ್ದರೂ ನಾನು ಸುಖಿಯಾಗಿರುತ್ತಿದ್ದೆ.

ದೊಡ್ಡವ್ವ ಒಬ್ಬಳೇ ಕದಲದೆ ಒಲೆಯ ಮುಂದೆ ಕೂತಿದ್ದಳು. ದೊಡ್ಡಪ್ಪ ಹೋದ ಮೇಲೆ ಅವರ ಮಗ್ಗದ ಗುಂಡಿಗೆ ತಾನೇ ಇಳಿದು ನೇಯುತ್ತಿದ್ದವಳು ಅವಳು. ಹೆಂಗಸು ಗುಂಡಿಗೆ ಇಳಿಯುವುದೇ ಎಂದು ಕೇರಿ ನಕ್ಕಿತ್ತಂತೆ. ಅವಳ ಅಂಚಿನ ಕೆಲಸ ನೋಡಿದ ಮೇಲೆ ನಗುವುದನ್ನು ನಿಲ್ಲಿಸಿತಂತೆ. ಅವಳು ಕಡಿಮೆ ಮಾತಿನವಳು. ಅಂದು ಬೆಳಗಿನಿಂದ ಆಡಿದ್ದು ಒಂದೇ ಮಾತು: ‘ಉರಿ ತಗ್ಸು.’

ಮಾತೆಲ್ಲ ಅಜ್ಜಿಗೂ ಅಪ್ಪನಿಗೂ ಮೀಸಲಾಗಿತ್ತು. ನಡುಮನೆಯಲ್ಲಿ, ಪಿಸುದನಿಯಲ್ಲಿ ಜಗಳ. ಪಿಸುದನಿಯ ಜಗಳ ಮಕ್ಕಳಿಗೆ ಬಹಳ ಚೆನ್ನಾಗಿ ಕೇಳಿಸುತ್ತದೆ.

‘ಹದಿನಾರು ವರ್ಸ ಆಯ್ತು ಕಣವ್ವ. ಅಣ್ಣ ಸತ್ತಿದ್ರೆ ಅಷ್ಟ್ ವರ್ಸದಿಂದ ಉಪಾಸ ಅವ್ನೆ. ಒಂದ್ ಎಲೆ ಆಕ್ಬುಡವಾ’ ಎಂದರು ಅಪ್ಪ.

‘ಬದುಕಿದ್ರೆ?’

‘ಬದುಕಿದ್ರೆ ಎಲ್ಲೋ ಒಂದ್ಕಡೆ ಉಣ್ತಾನೆ ಬುಡು.’

‘ಬದುಕಿರೋ ಮಗುಂಗೆ ಎಡೆ ಇಕ್ಕ ಅಂತೀಯಲ್ಲಾ, ನೀನೇನು ನನ್ ಹೊಟ್ಟೇಲೇ ಉಟ್ಟಿದ್ದಾ? ಅವ್ನು ಚಿಕ್ಕೋನಾಗಿದ್ದಾಗ್ಲೂ ಕೂಗಿದ ತಕ್ಷಣ ಬಂದೋನಲ್ಲ. ಬತ್ತಾನೆ.’

‘ಬರೋವರ್ಗೂ ಹನೂರೋರು ಕಾಯ್ತಾರಾ?’

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಕುಡುಗೋಲು ಹಿಡಿದು ಹಿತ್ತಿಲಿಗೆ ಹೋದರು. ನಾನು ಹಿಂದೆಯೇ ಹೋದೆ, ಏಕೆಂದರೆ ಎಲೆ ತೊಳೆದು ಹಾಕುವುದು ಮನೆಯ ಕಿರಿಯ ಗಂಡಸಿನ ಕೆಲಸ, ಮತ್ತು ಆ ಪದವಿಯಲ್ಲಿ ನಾನು ಅವಿರೋಧವಾಗಿ ಇದ್ದೆ. ಅಪ್ಪ ಒಂದೊಂದೇ ಎಲೆ ಕೊಯ್ದು ನನ್ನ ತೋಳಿನ ಮೇಲೆ ಹೊರಿಸಿದರು. ಕೊನೆಯದನ್ನು ಇಡುವಾಗ ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತರು.

‘ಹತ್ತದೆ. ಹತ್ತೂ ಆಕು’ ಎಂದರು. ಅವರ ಕಣ್ಣು ಕೆಂಪಾಗಿತ್ತು. ಬಾಳೆಯ ರಸ ಸಿಡಿದಿರಬೇಕು ಎಂದು ನಾನು ಆಗ ಅಂದುಕೊಂಡೆ.

ಒಳಗೆ ಬಂದರೆ ಅಜ್ಜಿ ನನ್ನ ರಟ್ಟೆ ಹಿಡಿದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ನನ್ನ ಮುಖದ ಪಕ್ಕದ ಗೋಡೆಯನ್ನು ನೋಡುತ್ತ ಹೇಳಿದಳು: ‘ಲೇ, ಒಂಬತ್ತು ಕಣ್ಲಾ. ಹತ್ತನೇದೇನಾರ ಆಕ್ದೆ ಅಂದ್ರೆ ನಿನ್ ಕೈ ಮುರ್ದು ಒಲೆಗಿಕ್ತೀನಿ.’

ದೊಡ್ಡವರು ಇತ್ಯರ್ಥ ಮಾಡಲಾರದ ಪ್ರಶ್ನೆ ಹೀಗೆ ಹತ್ತು ಎಲೆಯ ರೂಪದಲ್ಲಿ ನನ್ನ ತೋಳಿನ ಮೇಲೆ ಬಂತು. ದೇವರ ಕೋಣೆಯಲ್ಲಿ ಕಲಶ, ಅದರ ಮುಂದೆ ನಮ್ಮದೇ ಮಗ್ಗದಲ್ಲಿ ನೇಯ್ದ ಹೊಸ ಪಂಚೆ, ಹೊಸ ಸೀರೆ, ಒಂದೇ ಒಂದು ಎಣ್ಣೆದೀಪ. ನಾನು ಮಂಡಿಯೂರಿ ಎಲೆ ಹಾಕತೊಡಗಿದೆ. ಹಾಕುವುದಕ್ಕೂ ಒಂದು ನಿಯಮವಿತ್ತು. ನಮ್ಮ ಮನೆಯ ಪದ್ಧತಿಯಲ್ಲಿ ಬದುಕಿದವರಿಗೆ ಎಲೆಯ ಕುಡಿ ಎಡಕ್ಕೆ ಬರಬೇಕು, ಸತ್ತವರಿಗೆ ಬಲಕ್ಕೆ. ತಪ್ಪಿ ಊಟದ ಪಂಕ್ತಿಯಲ್ಲಿ ಯಾರಿಗಾದರೂ ಬಲಕ್ಕೆ ಕುಡಿ ಹಾಕಿದರೆ ಅವರು ಅಲ್ಲೇ ಎದ್ದು ನಿಮ್ಮ ಹುಟ್ಟಿದ ದಿನವನ್ನು ಬೈಯುತ್ತಿದ್ದರು. ಮುತ್ತಜ್ಜ, ಮುತ್ತಜ್ಜಿ, ನಶ್ಯದ ಚಿಕ್ಕಜ್ಜ, ಒಂದೇ ವಾರ ಬದುಕಿದ್ದ ನನ್ನ ಅಣ್ಣ... ಒಂಬತ್ತು ಎಲೆ ಹಾಕಿದೆ. ಒಂಬತ್ತರದೂ ಕುಡಿ ಬಲಕ್ಕೆ.

ಹತ್ತನೆಯದು ಕೈಯಲ್ಲಿ ಉಳಿಯಿತು. ಹಾಕಿದರೆ ಅಜ್ಜಿ, ಬಿಟ್ಟರೆ ಅಪ್ಪ. ಬಹಳ ಹೊತ್ತು ಯೋಚಿಸಿದೆ ಎಂದು ನನಗೆ ನೆನಪು. ಬಹುಶಃ ಅರ್ಧ ನಿಮಿಷವಿರಬೇಕು. ಆಮೇಲೆ ನನ್ನ ತಲೆಗೆ ಜಗತ್ತಿನ ಯಾವ ನ್ಯಾಯಾಧೀಶನಿಗೂ ಹೊಳೆಯದ ತೀರ್ಪು ಹೊಳೆಯಿತು. ಹತ್ತನೆಯ ಎಲೆಯನ್ನೂ ಅದೇ ಸಾಲಿನ ಕೊನೆಗೆ ಹಾಕಿದೆ. ಕುಡಿ ಮಾತ್ರ ಎಡಕ್ಕೆ ಹಾಕಿದೆ.

ಹೊರಗೆ ಬಂದಾಗ ಅಜ್ಜಿ ಕೇಳಿದಳು: ‘ಎಷ್ಟ್ಲಾ?’

‘ನೀನಂದಂಗೇ ಅಜ್ಜಿ. ಸತ್ತೋರ್ಗೆ ಒಂಬತ್ತು.’

ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ.

ಬಡಿಸಲು ದೊಡ್ಡವ್ವ ಒಳಗೆ ಹೋದಳು. ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಒಂಬತ್ತು ಎಲೆಗೂ ಅನ್ನ, ಹುಳಿ, ಪಲ್ಯ, ವಡೆ, ಕಜ್ಜಾಯ ಇಟ್ಟುಕೊಂಡು ಬಂದಳು. ಹತ್ತನೆಯದರ ಮುಂದೆ ಬಂದು ನಿಂತಳು. ನಿಂತೇ ಇದ್ದಳು. ಎಷ್ಟು ಹೊತ್ತೆಂದರೆ ಪಾಯಸದ ಸೌಟಿನಿಂದ ಎರಡು ಹನಿ ನೆಲಕ್ಕೆ ಬಿದ್ದವು, ಅವಳು ನೋಡಲಿಲ್ಲ. ನಂತರ ಪಾತ್ರೆ ಕೆಳಗಿಟ್ಟು ಹೋಗಿ ಉಪ್ಪಿನ ಮರಿಗೆ ತಂದಳು. ಹಿರಿಯರ ಎಡೆಗೆ ನಾವು ಉಪ್ಪು ಬಡಿಸುವುದಿಲ್ಲ. ಅವಳು ಚಿಟಿಕೆ ಉಪ್ಪನ್ನು ಎಡಗಡೆಯ ಕುಡಿಯ ಮೇಲೆ ಇಟ್ಟು, ಆಮೇಲೆ ಉಳಿದದ್ದನ್ನೆಲ್ಲ ಬಡಿಸಿದಳು. ಹೊರಗೆ ಬರುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದಳು. ಕೈ ಬಿಸಿಯಾಗಿತ್ತು.

ಅಪ್ಪ ಧೂಪ ಹಾಕಿದರು. ದೂರದಿಂದ ಹತ್ತು ಎಂದು ಎಣಿಸಿಕೊಂಡು ಕಣ್ಣು ಮುಚ್ಚಿದರು. ಹೊಗೆಯಲ್ಲಿ ಕುಡಿ ಯಾವ ಕಡೆಗಿದೆ ಎಂದು ಅವರಿಗೆ ಕಾಣಲಿಲ್ಲ. ಅಜ್ಜಿಗೆ ಹೊಗೆ ಇಲ್ಲದಿದ್ದರೂ ಕಾಣುತ್ತಿರಲಿಲ್ಲ. ಹಿರಿಯರು ನಿರಾಳವಾಗಿ ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ನಾವೆಲ್ಲ ಜಗುಲಿಗೆ ಬಂದು ಕೂತೆವು.

ಅಷ್ಟರಲ್ಲಿ ಹನೂರಿನ ಮಾವ ಬಂದರು. ಗಂಡಿನ ತಂದೆಯನ್ನು ನಾನು ಹಾಗೆ ಕರೆಯಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು. ಬಸ್ಸಿನ ಧೂಳಿನಲ್ಲಿ ಹುಬ್ಬು ಕೂಡ ಕೆಂಪಾಗಿತ್ತು. ಅವರೂ ಅದೇ ಯುದ್ಧಕ್ಕೆ ಹೋಗಿ, ಬರ್ಮಾದ ಕಾಡಿನಲ್ಲಿ ಹೇಸರಗತ್ತೆಗಳ ಮೇಲೆ ಮದ್ದುಗುಂಡು ಹೇರಿಕೊಂಡು ನಡೆದವರು. ಯುದ್ಧದುದ್ದಕ್ಕೂ ವೈರಿಯ ಮುಖ ಕಾಣಲಿಲ್ಲವಂತೆ, ಕತ್ತೆಯ ಹಿಂಭಾಗ ಮಾತ್ರ ಕಂಡದ್ದು. ಆ ಅಭ್ಯಾಸದಿಂದ ಅವರು ಯಾರ ಜೊತೆ ನಡೆದರೂ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು, ಬೇಸರವಾದಾಗ ನಾಲಿಗೆಯಿಂದ ‘ಟ್ಲಕ್ ಟ್ಲಕ್’ ಎನ್ನುತ್ತಿದ್ದರು. ಆ ದಿನ ಜಗುಲಿಯಲ್ಲಿ ಕೂತ ಹತ್ತು ನಿಮಿಷದಲ್ಲಿ ಅವರು ಎಷ್ಟು ಸಲ ಹಾಗೆಂದರೋ. ಅಪ್ಪನ ಕಾಲು ನೆಲ ತುಳಿಯುತ್ತಿತ್ತು. ಅಜ್ಜಿ ಅಡಿಕೆ ಕತ್ತರಿಸುತ್ತಲೇ ಇದ್ದಳು, ತಿನ್ನಲಿಲ್ಲ.

‘ಮಳೆ ಹೆಂಗೆ ನಿಮ್ ಕಡೆ?’ ಎಂದರು ಅಪ್ಪ.

‘ಬತ್ತದೆ. ಓಯ್ತದೆ’ ಎಂದರು ಮಾವ.

ಇದಾದ ಮೇಲೆ ಮಳೆಯ ವಿಷಯವೂ ಮುಗಿಯಿತು.

ಬಾಗಿಲು ತೆರೆಯುವ ಮೊದಲು ಮೂರು ಸಲ ಕೆಮ್ಮಬೇಕು. ಉಣ್ಣುತ್ತಿರುವ ಹಿರಿಯರು ಗಾಬರಿಯಾಗಬಾರದಲ್ಲ. ಅಪ್ಪ ಕೆಮ್ಮಿದರು. ಬಾಗಿಲು ತೆರೆದರು. ಎಲ್ಲರೂ ಒಳಗೆ ಹೋದೆವು. ಮಾವ ಎರಡು ಹೆಜ್ಜೆ ಹಿಂದೆ ನಿಂತು, ತುಟಿ ಅಲ್ಲಾಡಿಸುತ್ತ ಎಣಿಸಿದ್ದನ್ನು ನಾನು ನೋಡಿದೆ. ಒಂದು, ಎರಡು, ಮೂರು... ಕೊನೆಯ ಎಲೆಗೆ ಬಂದಾಗ ತುಟಿ ನಿಂತಿತು.

‘ಹತ್ತು’ ಎಂದರು. ಆಮೇಲೆ ಬಗ್ಗಿ ನೋಡಿ, ‘ಇದ್ಯಾಕೆ ತಿರುಗ್ಕಂಡದೆ?’ ಎಂದರು.

‘ಹತ್ತಾ?’ ಎಂದಳು ಅಜ್ಜಿ.

‘ತಿರುಗ್ಕಂಡದಾ?’ ಎಂದರು ಅಪ್ಪ.

ಮುಂದಿನದು ನಿಮಗೆ ಊಹೆಯಾಗುತ್ತದೆ. ಅಪ್ಪ ನನ್ನ ಕಿವಿ ಹಿಡಿದರು. ಇನ್ನೊಂದು ಕಿವಿ ಎಲ್ಲಿದೆ ಎಂದು ಅಜ್ಜಿ ಗಾಳಿಯಲ್ಲಿ ಹುಡುಕುತ್ತಿದ್ದಳು. ನಾನು ಅಳುತ್ತ ನನ್ನ ತೀರ್ಪನ್ನು ವಿವರಿಸಿದೆ: ‘ಅಪ್ಪ ಹತ್ತು ಅಂತು, ಅಜ್ಜಿ ಒಂಬತ್ತು ಅಂತು. ದೊಡ್ಡಪ್ಪ ಸತ್ತಿದ್ರೆ ಈ ಸಾಲು. ಬದುಕಿದ್ರೆ ಕುಡಿ ಎಡುಕ್ಕೆ.’

ಯಾರೂ ನನ್ನನ್ನು ಮೆಚ್ಚಲಿಲ್ಲ. ಅಜ್ಜಿಯ ಮುಖ ಬಿಳಿಚಿಕೊಂಡಿತು. ‘ಬದುಕಿರೋನ ಎಲೆನ ಸತ್ತೋರ ಪಂಕ್ತಿಗಿಟ್ಟಲ್ಲೋ, ಮುಂಡೇದೆ! ಕರ್ಕಂಡೋಗ್ರಪ್ಪ ಅಂತ ಅವರ ಕೈಗೇ ಕೊಟ್ಟಂಗಾಯ್ತಲ್ಲೋ!’ ಎಂದು ಗೋಡೆ ಹಿಡಿದುಕೊಂಡಳು. ಆಗ ನನಗೆ ನಿಜವಾಗಿ ಭಯವಾಯಿತು. ಎಲ್ಲೋ ತೆಂಗಿನಮರಗಳ ನಡುವೆ ಒಬ್ಬ ಮನುಷ್ಯ ಈ ಗಳಿಗೆಯಲ್ಲಿ, ನನ್ನಿಂದಾಗಿ ಸಾಯುತ್ತಿದ್ದಾನೆ ಎನಿಸಿತು.

ಎಲೆಯನ್ನು ಏನು ಮಾಡುವುದು? ಬಡಿಸಿದ ಎಲೆಯನ್ನು ಹಾಗೇ ಎತ್ತುವಂತಿಲ್ಲ. ಹಸುವಿಗೆ ಹಾಕೋಣವೆಂದರೆ ಅದು ಹಿರಿಯರ ಎಡೆಗೆ ಸರಿ, ಬದುಕಿದವನ ಊಟವನ್ನು ಹಸುವಿಗೆ ಹಾಕುತ್ತಾರೆಯೇ? ಅಪ್ಪ ಎರಡು ಹೆಜ್ಜೆ ಮುಂದೆ ಬಂದರು. ‘ಒಂದ್ಸುತ್ತು ತಿರುಗುಸ್ಬುಟ್ರೆ ಆಯ್ತು. ಎಲ್ಲಾದ್ರಂಗೇ ಆಯ್ತದೆ’ ಎಂದು ಬಗ್ಗಿ ಎಲೆಯ ಎರಡು ಅಂಚು ಹಿಡಿದರು.

‘ತಿರುಗುಸ್ದೆ ಅಂದ್ರೆ ನೀನೇ ಕೊಂದಂಗೆ ಕಣ್ಲಾ’ ಎಂದಳು ಅಜ್ಜಿ.

ಅಪ್ಪನ ಕೈ ಅಲ್ಲೇ ನಿಂತಿತು. ಬಲಕ್ಕೆ ತಿರುಗಿಸಿದರೆ ಅಣ್ಣ ಸತ್ತ. ಲಗ್ನಪತ್ರಿಕೆ ಸಲೀಸು, ಅತ್ತಿಗೆಯ ಬಳೆ ಹೋಯಿತು. ಬಿಟ್ಟರೆ ಮಾವ ಬಸ್ಸು ಹತ್ತಿ ಹನೂರಿಗೆ ಹೋಗಿ ಏನು ಹೇಳುತ್ತಾರೋ. ಬಾಗಿಲಲ್ಲಿ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತುತ್ತಿದ್ದಳು. ಎಲೆಯ ಮೇಲಿನ ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.

ಹಿತ್ತಿಲ ಕಡೆಯಿಂದ ನೀರಿನ ಸದ್ದು ಕೇಳಿಸಿತು. ಯಾವ ಮಾಯದಲ್ಲಿ ಹೊರಗೆ ಹೋಗಿದ್ದಳೋ, ದೊಡ್ಡವ್ವ ಕೈಕಾಲು ತೊಳೆದುಕೊಂಡು ಬಂದಳು. ‘ವಸಿ ಸರ್ಕಪ್ಪ’ ಎಂದು ಅಪ್ಪನಿಗೆ ಹೇಳಿ, ಸೀರೆ ಮಡಿಸಿಕೊಂಡು, ಆ ಹತ್ತನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಕೂತಳು.

‘ಏನವ್ವ ಇದು?’ ಎಂದಳು ಅಜ್ಜಿ.

‘ಅವ್ರು ಉಂಡಾಯ್ತು. ನಾನು ಉಣ್ತೀನಿ.’

ನಿಮಗೆ ಒಂದು ವಿಷಯ ಹೇಳಬೇಕು. ಆ ಕಾಲದಲ್ಲಿ ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದು ರೂಢಿ. ಒಳ್ಳೆಯ ರೂಢಿ ಎಂದು ನಾನು ಹೇಳುತ್ತಿಲ್ಲ. ನಿಮ್ಮಜ್ಜಿಗೆ ನಾನು ಹಾಗೇನಾದರೂ ಸೂಚಿಸಿದ್ದರೆ ಎಲೆ ನನ್ನ ತಲೆಯ ಮೇಲೆ ಇರುತ್ತಿತ್ತು. ಆದರೆ ಅಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ದೊಡ್ಡವ್ವ ಹೇಳಿದ್ದು ಅರ್ಥವಾಯಿತು. ದೊಡ್ಡಪ್ಪ ಉಂಡರು. ಸತ್ತವರು ಮುಚ್ಚಿದ ಬಾಗಿಲೊಳಗೆ ಬಂದು ಉಣ್ಣುವಂತೆ ಉಂಡರೋ, ಇದ್ದವರು ಇದ್ದಲ್ಲೇ ಉಂಡರೋ, ಅದು ಅವಳಿಗೂ ಅವರಿಗೂ ಬಿಟ್ಟದ್ದು. ಹೇಗೆ ಉಂಡಿದ್ದರೂ ಎಲೆ ಈಗ ಹೆಂಡತಿಯದು. ಎತ್ತಲು, ತಿರುಗಿಸಲು, ಎಣ್ಣೆ ಹಚ್ಚಿ ನೋಡಲು ಯಾರಿಗೂ ಹಕ್ಕಿಲ್ಲ.

ಮೊದಲು ಉಪ್ಪು ಮುಟ್ಟಿದಳು. ಹುಳಿ ಕಲಸಿದಳು. ಅವಸರವಿಲ್ಲದೆ, ಒಂದು ಅಗುಳು ಬಿಡದೆ ಉಂಡಳು. ವಡೆ ಮುರಿದಾಗ ಕಟಕ್ ಎಂದದ್ದು ನಮಗೆಲ್ಲ ಕೇಳಿಸಿತು. ಬೆಳಗಿನಿಂದ ಒಂದು ಕಡೆ ನಿಲ್ಲದೆ ಓಡಾಡಿದ್ದ ನಾವೆಲ್ಲ, ಅವಳು ಉಣ್ಣುತ್ತಿರುವಷ್ಟು ಹೊತ್ತು ನಿಂತಲ್ಲೇ ನಿಂತಿದ್ದೆವು. ಅಪ್ಪನ ಕಾಲು ಕೂಡ. ಕಜ್ಜಾಯಕ್ಕೆ ಬಂದಾಗ ಮಾತ್ರ ಅವಳ ಕೈ ತಡೆಯಿತು. ಅದನ್ನು ಎರಡು ಮಾಡಿ, ಅರ್ಧವನ್ನು ಹಿಂದಕ್ಕೆ ನೋಡದೆಯೇ ಚಾಚಿದಳು. ಅಕ್ಕ ಓಡಿಬಂದು ತೆಗೆದುಕೊಂಡಳು.

ಆಮೇಲೆ ಮಾತಾಡಿದವರು ಹನೂರಿನ ಮಾವ. ಅವರು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು.

‘ನಂಗೂ ಎಡೆ ಇಕ್ಕಿದ್ರು ಕಣವ್ವ’ ಎಂದರು ದೊಡ್ಡವ್ವನಿಗೆ. ‘ಬರ್ಮಾದಲ್ಲಿ ನಾನೂ ನಾಕು ಕತ್ತೆನೂ ದಾರಿ ತಪ್ಪಿ ಎಷ್ಟೋ ತಿಂಗ್ಳು ಎತ್ತೆತ್ಲಗೋ ಅಲೆದೋ. ಊರ್ಗೆ ಸುದ್ದಿ ಇಲ್ಲ. ಮಾಲಯ ಅಮಾಸೆ ಬಂತು. ಪಾಪ, ನಮ್ಮವ್ವ ಒಂದೆಲೆ ಜಾಸ್ತಿ ಆಕುದ್ಲು. ಆಮ್ಯಾಕೆ ನಾನು ಬಂದೆ. ಬಾಗ್ಲಲ್ಲಿ ನಿಂತು ಅವ್ವೋ ಅಂದೆ. ನೀರ್ ಕೊಡ್ನಿಲ್ಲ ಅವ್ಳು. ನನ್ ಕಾಲ್ ನೋಡುದ್ಲು, ನೆಲುಕ್ಕೆ ತಾಕದಾ ಇಲ್ವಾ ಅಂತ. ಈವತ್ಗೂ ಪಂಕ್ತೀಲಿ ಕೂತ್ರೆ ನಮ್ಮೋರು ನನ್ ಎಲೆ ಕಡೆ ಒಂದ್ಸಲ ಅಂಗೆ ನೋಡ್ತಾರೆ. ಆ ಎಡೆ ನಂಗಿನ್ನೂ ಅರಗಿಲ್ಲ.’

ಮಾವ ನಾಲಿಗೆಯಲ್ಲಿ ಒಂದು ಸಲ ‘ಟ್ಲಕ್’ ಎಂದರು.

‘ನಮ್ಮೋರು ಎಣಿಸ್ಕಂಡ್ ಬಾ ಅಂತ ಕಳ್ಸವ್ರೆ. ಎಣಿಸ್ದೆ. ಎಣಿಸೋಕೆ ಆಗ್ನಿಲ್ಲ ಅಂತ ಏಳ್ತೀನಿ. ಪತ್ರಿಕೇಲಿ ಬೀಗ್ರ ಹೆಸ್ರು ಬರ್ಸಿ, ಸಾಕು. ಹಿಂದ್ಕೂ ಏನೂ ಬ್ಯಾಡ, ಮುಂದ್ಕೂ ಏನೂ ಬ್ಯಾಡ. ಯಾರಾರ ಕೇಳುದ್ರೆ ನನ್ ಹತ್ರ ಕಳ್ಸಿ.’ ನಂತರ ನನ್ನ ಕಡೆ ತಿರುಗಿ, ‘ಏನ್ಲಾ ತಿಮ್ಮ, ನಂಗೊಂದ್ ಎಲೆ ಆಕ್ತೀಯಾ? ಕುಡಿ ನೋಡ್ಕಂಡ್ ಆಕಪ್ಪ’ ಎಂದರು.

ಮೊದಲು ನಕ್ಕವಳು ಅಜ್ಜಿ. ನಗುತ್ತಲೇ ಅಳತೊಡಗಿದಳು. ನಾನು ಅವರಿಗೆ ಎಲೆ ಹಾಕುವಾಗ ಎಡ ಯಾವುದು ಎಂದು ಅಪ್ಪನನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಪತ್ರಿಕೆ ಅಚ್ಚಾಯಿತು. ಅಚ್ಚುಮನೆಯವರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲವಂತೆ. ‘ಹೆಸ್ರು ಬೋಳು ಕಾಣ್ತದೆ ಕಣ್ರಿ, ಏನಾದ್ರೂ ಒಂದು ಇರಲೇಬೇಕು’ ಎಂದು ಹಟ ಹಿಡಿದು, ಖಾಲಿ ಜಾಗದಲ್ಲಿ ಐದು ಎಸಳಿನ ಒಂದು ಪುಟ್ಟ ಹೂವಿನ ಅಚ್ಚು ಕೂರಿಸಿದರು. ಅಕ್ಕನ ಧಾರೆಯಲ್ಲಿ ಹಾಲು ಎರೆದವರು ಅಪ್ಪ ಮತ್ತು ಅವ್ವ. ದೊಡ್ಡವ್ವ ಕಂಬದ ಹಿಂದೆ ನಿಲ್ಲಲಿಲ್ಲ. ಹಸಿರು ಬಳೆ ತೊಟ್ಟು ಅಕ್ಕನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ಹನೂರಿನ ಹಿರಿಯರು ಗುಸುಗುಸು ಎಂದಾಗಲೆಲ್ಲ ಮಾವ ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು ಟ್ಲಕ್ ಟ್ಲಕ್ ಎನ್ನುತ್ತಿದ್ದರು. ಅವರು ಸುಮ್ಮನಾಗುತ್ತಿದ್ದರು.

ದೊಡ್ಡಪ್ಪ ಬರಲಿಲ್ಲ. ನೀವು ಕೇಳುತ್ತೀರಿ ಎಂದು ಗೊತ್ತು, ಅದಕ್ಕೇ ಹೇಳಿದೆ. ಸತ್ತರು ಎಂದೂ ಯಾರೂ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ನಾನು ಕಾಲೇಜು ಓದುತ್ತಿದ್ದಾಗ, ಜನಗಣತಿಯವರು ಬಂದು ದೊಡ್ಡವ್ವನನ್ನು ‘ನಿಮ್ಮ ಯಜಮಾನ್ರು?’ ಎಂದು ಕೇಳಿದರು. ಅವಳು ಮಗ್ಗದ ಗುಂಡಿಯಿಂದ ತಲೆ ಎತ್ತದೆ ‘ಊರಲ್ಲಿಲ್ಲ ಸಾ’ ಎಂದಳು. ‘ಯಾವಾಗ ಬರ್ತಾರೆ?’ ‘ಏಳಿ ಓಗಿಲ್ಲ.’ ಅವರು ಕಾಗದದಲ್ಲಿ ಏನೋ ಬರೆದುಕೊಂಡು ಹೋದರು. ಏನು ಬರೆದರು ಎಂದು ನನಗೆ ಇವತ್ತಿಗೂ ಕುತೂಹಲ.

ಮೊನ್ನೆ ನಿಮ್ಮಪ್ಪ ಚಾಮರಾಜನಗರದಿಂದ ಕಾರಿನಲ್ಲಿ ಬರುತ್ತಿದ್ದಾಗ ನೀವಿಬ್ಬರೂ ಫೋನಿನಲ್ಲಿ ಅವನಿರುವ ಜಾಗ ತೋರಿಸುವ ನೀಲಿ ಚುಕ್ಕಿಯನ್ನು ನೋಡುತ್ತಿದ್ದಿರಿ. ಚುಕ್ಕಿ ಯಳಂದೂರು ದಾಟಿತು. ಮಾಂಬಳ್ಳಿಯ ಹತ್ತಿರ ಬಂದು ನಿಂತುಬಿಟ್ಟಿತು. ಫೋನು ಮಾಡಿದಿರಿ, ಎತ್ತಲಿಲ್ಲ. ಹತ್ತು ನಿಮಿಷ ನೀವು ಒಳಗೆ ಹೊರಗೆ ತಿರುಗಿದಿರಿ, ತಟ್ಟೆಯ ಮುಂದೆ ಕೂರಲಿಲ್ಲ, ಒಬ್ಬರನ್ನೊಬ್ಬರು ಬೈದುಕೊಂಡಿರಿ. ನಾನು ಗೇಲಿ ಮಾಡಲಿಲ್ಲ, ನೆನಪಿದೆಯೇ? ಎಳನೀರು ಕುಡಿಯಲು ನಿಂತಿದ್ದನಂತೆ ಮಹಾರಾಯ. ಚುಕ್ಕಿ ಮತ್ತೆ ಹೊರಟಿತು, ನೀವು ಉಣ್ಣಲು ಕೂತಿರಿ. ಆ ಹತ್ತು ನಿಮಿಷ ನಿಮ್ಮ ಮುಖದಲ್ಲಿ ಇದ್ದದ್ದನ್ನು ನಾನು ಮೊದಲೇ ನೋಡಿದ್ದೆ. ದೊಡ್ಡವ್ವನ ಮುಖದಲ್ಲಿ ಅದು ಕೊನೆಯವರೆಗೂ ಇತ್ತು. ಅದನ್ನು ಇಟ್ಟುಕೊಂಡೇ ಅವಳು ಸೀರೆ ನೇಯ್ದಳು, ಮಗಳ ಮದುವೆ ಮಾಡಿದಳು, ಮೊಮ್ಮಕ್ಕಳಿಗೆ ಕಜ್ಜಾಯ ತಟ್ಟಿದಳು. ಚುಕ್ಕಿ ಹೊರಡುವುದನ್ನು ಕಾಯದೆ ಅವಳು ಉಣ್ಣಲು ಕೂತಳು.